ಸೀಸೆರನ ರಥ ಯಾಕೆ ತಡವಾಯಿತು?

(ಒಂದು ಓದುಗರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಒಂದು ಪ್ರಶ್ನೆಯನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಬೈಬಲಿನಲ್ಲಿ ‘ನ್ಯಾಯಸ್ಥಾಪಕರು’ ಅಂತ ಒಂದು ಪುಸ್ತಕ ಇದೆ. ಅದರ ನಾಲ್ಕನೇ ಅಧ್ಯಾಯ ತೆಗೆಯಿರಿ. ಅದು ಯುದ್ಧದ ಕಥೆ, ಒಟ್ಟು 24 ವಚನ. ಅದರಲ್ಲಿ ಯುದ್ಧ ಎಷ್ಟು ವಚನದಲ್ಲಿದೆ, ಎಣಿಸಿ ನೋಡಿ. ಎರಡೇ ಎರಡು, 15 ಮತ್ತು 16. ಯಾರು ಎಲ್ಲಿ ನಿಂತರು, ಮೊದಲು ಯಾರು ಮೇಲೆ ಬಿದ್ದರು, ಎಷ್ಟು ಹೊತ್ತು ಕಾದಾಡಿದರು, ಏನೂ ಇಲ್ಲ. ಯುದ್ಧ ಮುಗಿದ ಮೇಲೆ ಒಂದು ಗುಡಾರದೊಳಗೆ ನಡೆದ ಸಂಗತಿಗೆ ಮಾತ್ರ ಆರು ವಚನ ಕೊಟ್ಟಿದ್ದಾರೆ.

ಅಂದರೆ ಇದನ್ನು ಬರೆದವರಿಗೆ ಯುದ್ಧ ಹೇಗೆ ನಡೆಯಿತು ಅನ್ನುವುದು ದೊಡ್ಡ ವಿಷಯವೇ ಆಗಿರಲಿಲ್ಲ. ಆ ಯುದ್ಧವನ್ನು ಜನ ಹೇಗೆ ನೆನಪಿಟ್ಟುಕೊಂಡರು ಅನ್ನುವುದು ಇಲ್ಲಿದೆ. ಅದೂ ಎರಡು ಥರ. ನಾಲ್ಕನೇ ಅಧ್ಯಾಯ ಗದ್ಯದಲ್ಲಿ ಹೇಳಿದ ಕಥೆ. ಅದರ ಪಕ್ಕದಲ್ಲೇ ಐದನೇ ಅಧ್ಯಾಯ, ಅದೇ ಯುದ್ಧದ ಹಾಡು. ಎರಡೂ ಒಂದೇ ಮಾತು ಹೇಳುವುದಿಲ್ಲ. ಪ್ರವಚನಗಳಲ್ಲಿ, ಮಕ್ಕಳ ಪುಸ್ತಕಗಳಲ್ಲಿ ಎರಡನ್ನೂ ಕಲಸಿ ಒಂದೇ ಕಥೆ ಮಾಡಿ ಹೇಳುವುದು ರೂಢಿ. ನಾನೂ ಚಿಕ್ಕಂದಿನಲ್ಲಿ ಹಾಗೇ ಕೇಳಿದ್ದೆ. ಆಮೇಲೆ ಎರಡನ್ನೂ ಬೇರೆ ಬೇರೆ ಇಟ್ಟು ಓದಿದಾಗ, ಇಷ್ಟು ವರ್ಷ ಇದನ್ನೆಲ್ಲ ಯಾಕೆ ಯಾರೂ ಹೇಳಲಿಲ್ಲ ಅನ್ನಿಸಿತು. ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಕಥೆ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಆಗಿನ್ನೂ ಇಸ್ರಾಯೇಲರಿಗೆ ರಾಜನಿಲ್ಲ, ರಾಜಧಾನಿಯಿಲ್ಲ, ಸಂಬಳದ ಸೈನ್ಯವಿಲ್ಲ. ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಕುಲಕುಲವಾಗಿ ಬದುಕುತ್ತಿದ್ದ ಜನ. ಕೆಳಗಿನ ಬಯಲು, ವ್ಯಾಪಾರದ ದೊಡ್ಡ ದಾರಿ, ಕೋಟೆ ಕಟ್ಟಿದ ಪಟ್ಟಣಗಳೆಲ್ಲ ಕಾನಾನ್ಯರ ಕೈಯಲ್ಲಿ. ಹಾಚೋರ್ ಪಟ್ಟಣದ ಅರಸ ಯಾಬೀನ. ಅವನ ಸೇನಾಪತಿ ಸೀಸೆರ. ಸೀಸೆರನ ಹತ್ತಿರ 900 ಕಬ್ಬಿಣದ ರಥ. ಇಪ್ಪತ್ತು ವರ್ಷ ಕಾಟ ಕೊಟ್ಟ. ಆಗ ಎಫ್ರಾಯೀಮಿನ ಬೆಟ್ಟದಲ್ಲಿ, ರಾಮಾಕ್ಕೂ ಬೇತೇಲಿಗೂ ನಡುವೆ, ಒಂದು ಖರ್ಜೂರದ ಮರದ ಕೆಳಗೆ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದ ಹೆಂಗಸು ದೆಬೋರ. ಅವಳು ನಫ್ತಾಲಿ ಕುಲದ ಬಾರಾಕನನ್ನು ಕರೆಸಿ, ಹತ್ತು ಸಾವಿರ ಜನರನ್ನು ಕರೆದುಕೊಂಡು ತಾಬೋರ್ ಬೆಟ್ಟಕ್ಕೆ ಹೋಗು ಅನ್ನುತ್ತಾಳೆ. ನೀನು ಬಂದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ ಅನ್ನುತ್ತಾನೆ ಅವನು. ಬರುತ್ತೇನೆ, ಆದರೆ ಕೀರ್ತಿ ನಿನಗೆ ಸಿಗುವುದಿಲ್ಲ, ನಮ್ಮ ದೇವರಾದ ಯೆಹೋವನು ಸೀಸೆರನನ್ನು ಒಬ್ಬ ಹೆಂಗಸಿನ ಕೈಗೆ ಒಪ್ಪಿಸುತ್ತಾನೆ ಅನ್ನುತ್ತಾಳೆ ಇವಳು. ಕೇಳುತ್ತಿರುವ ನಾವು ಆ ಹೆಂಗಸು ದೆಬೋರಳೇ ಇರಬೇಕು ಅಂದುಕೊಳ್ಳುತ್ತೇವೆ. ಕಥೆಗಾರನಿಗೂ ಅದೇ ಬೇಕು.

ಹೆಸರುಗಳನ್ನು ಗಮನಿಸಿ. ಹೀಬ್ರೂವಿನಲ್ಲಿ ದೆಬೋರ ಅಂದರೆ ಜೇನುನೊಣ. ಬಾರಾಕ್ ಅಂದರೆ ಮಿಂಚು. ಮುಂದೆ ಬರುವ ಯಾಯೇಲ್ ಅಂದರೆ ಕಾಡುಮೇಕೆ. ದೆಬೋರಳನ್ನು ‘ಲಪ್ಪೀದೋತನ ಹೆಂಡತಿ’ ಅಂತ ಅನುವಾದಿಸುತ್ತಾರೆ. ಆದರೆ ಮೂಲದ ಎರಡು ಪದಗಳನ್ನು ‘ಪಂಜುಗಳ ಹೆಂಗಸು’ ಅಂತಲೂ ಓದಬಹುದು, ಯಾಕೆಂದರೆ ಲಪ್ಪೀದ್ ಅಂದರೆ ಪಂಜು. ಗಂಡನ ಹೆಸರೇ ಇರಬಹುದು. ಆದರೂ ಮಿಂಚು ಅಂತ ಹೆಸರಿರುವ ಗಂಡಸು ಹಿಂದೆ ಮುಂದೆ ನೋಡುವಾಗ ಅವನನ್ನು ಎಬ್ಬಿಸಲು ಪಂಜಿನವಳು ಬರುತ್ತಾಳೆ ಅನ್ನುವುದು ಹೀಬ್ರೂ ಕಿವಿಗೆ ಖಂಡಿತ ಕೇಳಿಸಿರುತ್ತದೆ.

ಇನ್ನು ಆ ರಥಗಳು. ರಥ ಅಂದ ಕೂಡಲೇ ನಮಗೆ ತೇರು ನೆನಪಾಗುತ್ತದೆ. ಇದು ಹಾಗಲ್ಲ. ಎರಡು ಕುದುರೆ ಎಳೆಯುವ ಹಗುರವಾದ ಮರದ ಗಾಡಿ, ಅದರ ಮೇಲೆ ಇಬ್ಬರೋ ಮೂವರೋ. ಪೂರ್ತಿ ಕಬ್ಬಿಣದಲ್ಲೇ ಮಾಡಿದರೆ ಕುದುರೆ ಎಳೆಯುವುದಿಲ್ಲ. ಆದ್ದರಿಂದ ‘ಕಬ್ಬಿಣದ ರಥ’ ಅಂದರೆ ಕಬ್ಬಿಣದ ಪಟ್ಟಿಯೋ ಅಚ್ಚೋ ಹಾಕಿದ್ದು ಅಂತ ತಿಳಿಯಬೇಕು. 900 ಅನ್ನುವುದು ಉತ್ಪ್ರೇಕ್ಷೆ ಅನ್ನಿಸಬಹುದು. ಆದರೆ ಇದೇ ಬಯಲಿನ ಅಂಚಿನ ಮೆಗಿದ್ದೋವಿನಲ್ಲಿ, ಇದಕ್ಕಿಂತ ಮುನ್ನೂರು ವರ್ಷ ಹಿಂದೆ, ಈಜಿಪ್ಟಿನ ಮೂರನೇ ಥುಟ್ಮೋಸ್ ಕಾನಾನ್ಯರ ಒಕ್ಕೂಟವನ್ನು ಸೋಲಿಸಿದಾಗ 924 ರಥ ವಶಪಡಿಸಿಕೊಂಡೆ ಅಂತ ಕಾರ್ನಾಕ್ ದೇವಾಲಯದ ಗೋಡೆಯ ಮೇಲೆ ಕೆತ್ತಿಸಿದ್ದಾನೆ. ಅವನೂ ಹೆಚ್ಚಿಸಿ ಹೇಳಿರಬಹುದು. ಏನೇ ಆಗಲಿ, ಕಾನಾನಿನ ದೊಡ್ಡ ಸೈನ್ಯ ಅಂದರೆ ಸುಮಾರು ಇಷ್ಟು ರಥ ಅನ್ನುವ ಅಂದಾಜು ಆ ಸೀಮೆಯಲ್ಲಿ ಹಳೆಯದು. ಬಾರಾಕನ ‘ಹತ್ತು ಸಾವಿರ’ದ ವಿಷಯ ಬೇರೆ. ಹೀಬ್ರೂವಿನ ‘ಎಲೆಫ್’ ಅನ್ನುವ ಪದಕ್ಕೆ ಸಾವಿರ ಅಂತ ಅರ್ಥ ಇದೆ, ಒಂದು ಕುಲದಿಂದ ಬಂದ ತುಕಡಿ ಅಂತಲೂ ಅರ್ಥ ಇದೆ. ಹತ್ತು ತುಕಡಿ ಅಂದುಕೊಂಡರೆ ಕಥೆ ಹಳ್ಳಿಗರ ಅಳತೆಗೆ ಇಳಿಯುತ್ತದೆ.

ಈಗ ಮುಖ್ಯ ಪ್ರಶ್ನೆ. ಕಾಲಾಳುಗಳ ಮುಂದೆ 900 ರಥ ಯಾಕೆ ಸೋತವು?

ಗದ್ಯವನ್ನು ಕೇಳಿದರೆ ಒಂದೇ ಉತ್ತರ: ಯೆಹೋವನು ಸೀಸೆರನನ್ನೂ ಅವನ ರಥಗಳನ್ನೂ ದಂಡನ್ನೂ ಗಲಿಬಿಲಿ ಮಾಡಿದನು. ಸೀಸೆರ ರಥ ಬಿಟ್ಟು ಇಳಿದು ಓಡಿದ. ಮುಗಿಯಿತು. ಸೇನಾಪತಿ ರಥ ಬಿಟ್ಟು ಕಾಲ್ನಡಿಗೆಯಲ್ಲಿ ಯಾಕೆ ಓಡುತ್ತಾನೆ? ಕುದುರೆ ಇನ್ನೂ ಬೇಗ ಹೋಗುತ್ತದೆ, ಅಲ್ವಾ? ಗದ್ಯ ಅದಕ್ಕೆ ಉತ್ತರ ಕೊಡುವುದಿಲ್ಲ. ಆದರೆ ‘ಗಲಿಬಿಲಿ ಮಾಡಿದನು’ ಅನ್ನುವ ಕ್ರಿಯಾಪದ ಇನ್ನೊಂದು ಪ್ರಸಿದ್ಧ ಜಾಗದಲ್ಲಿದೆ. ಬೈಬಲಿನದೇ ಇನ್ನೊಂದು ಪುಸ್ತಕ ವಿಮೋಚನಕಾಂಡದ 14ನೇ ಅಧ್ಯಾಯದಲ್ಲಿ, ಇಸ್ರಾಯೇಲರನ್ನು ಬೆನ್ನಟ್ಟಿ ಬಂದ ಈಜಿಪ್ಟಿನ ಅರಸ ಫರೋಹನ ಸೈನ್ಯಕ್ಕೆ ಸಮುದ್ರದ ನಡುವೆ ಆದದ್ದೂ ಇದೇ, ಅದೇ ಪದ. ಅಲ್ಲೂ ರಥ, ಅಲ್ಲೂ ನೀರು. ಅಲ್ಲೂ ಮೊದಲು ಗದ್ಯ, ಮುಂದಿನ ಅಧ್ಯಾಯದಲ್ಲಿ ಹಾಡು. ಯೆಹೂದ್ಯರ ಸಭಾಮಂದಿರಗಳಲ್ಲಿ ಆ ಸಮುದ್ರದ ಹಾಡನ್ನು ಓದುವ ವಾರವೇ ದೆಬೋರಳ ಹಾಡನ್ನೂ ಓದುತ್ತಾರೆ. ಜೋಡಿ ಯಾವುದು ಅಂತ ಅವರಿಗೆ ಯಾವತ್ತೋ ಗೊತ್ತಿತ್ತು.

ಹಾಡನ್ನು ಕೇಳಿದರೆ ಉತ್ತರ ಬೇರೆ. ಹಾಡಿನಲ್ಲಿ ಭೂಮಿ ನಡುಗುತ್ತದೆ, ಮೋಡಗಳು ನೀರು ಸುರಿಸುತ್ತವೆ, ಆಕಾಶದ ನಕ್ಷತ್ರಗಳು ತಮ್ಮ ದಾರಿಯಿಂದಲೇ ಸೀಸೆರನ ಮೇಲೆ ಯುದ್ಧ ಮಾಡುತ್ತವೆ, ಕೀಷೋನ್ ಹಳ್ಳ ಅವರನ್ನು ಕೊಚ್ಚಿಕೊಂಡು ಹೋಗುತ್ತದೆ. ನಕ್ಷತ್ರ ಯುದ್ಧ ಮಾಡುವುದು ಸುಮ್ನೆ ಕವಿಯ ಅಲಂಕಾರ ಅಂತ ನಾನು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಸಿರಿಯಾದ ಕರಾವಳಿಯ ಉಗಾರಿತ್‌ನಲ್ಲಿ ಸಿಕ್ಕ ಮಣ್ಣಿನ ಫಲಕಗಳ ಒಂದು ಪದ್ಯದಲ್ಲಿ ‘ನಕ್ಷತ್ರಗಳು ಸುರಿಸುವ ತುಂತುರು’ ಅನ್ನುವ ಮಾತಿದೆ ಅಂತ. ಆ ಕಡೆಯ ಜನರ ಮಾತಿನಲ್ಲಿ ಮಳೆ ನಕ್ಷತ್ರದಿಂದಲೂ ಬರುತ್ತದೆ. ಮಳೆಗೆ ಮೃಗಶಿರ, ಆರಿದ್ರ ಅಂತ ನಕ್ಷತ್ರದ ಹೆಸರಿಟ್ಟು ಬಿತ್ತುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೀಷೋನ್ ದೊಡ್ಡ ನದಿಯೇನಲ್ಲ. ಇಜ್ರೇಲ್ ಬಯಲಲ್ಲಿ ಹರಿದು ಇವತ್ತಿನ ಹೈಫಾ ಹತ್ತಿರ ಸಮುದ್ರ ಸೇರುತ್ತದೆ. ಬಯಲು ಚಪ್ಪಟೆ, ಮಣ್ಣು ಅಂಟು ಜೇಡಿ, ಮಳೆ ಬಂದರೆ ನೀರು ನಿಲ್ಲುತ್ತದೆ. ಎರೆ ಹೊಲದಲ್ಲಿ ಮಳೆಗಾಲದಲ್ಲಿ ಬಂಡಿ ಹೊಡೆದವರಿಗೆ ಗೊತ್ತು, ಒಣಗಿದ್ದಾಗ ಓಡುವ ಗಾಲಿ ಒಂದು ಮಳೆಗೆ ಗುಂಬದವರೆಗೆ ಹೂತುಹೋಗುತ್ತದೆ, ಆಮೇಲೆ ಎತ್ತು ಬಿಚ್ಚಿ ಇಳಿದು ನಡೆಯುವುದೇ ದಾರಿ. ಸೀಸೆರ ಇಳಿದು ನಡೆದದ್ದು ಇದಕ್ಕೇ ಇರಬೇಕು. ಹಾಡು ಪಕ್ಕದಲ್ಲಿ ಇಲ್ಲದಿದ್ದರೆ ಗದ್ಯದ ಆ ಒಂದು ವಾಕ್ಯ ಅರ್ಥವೇ ಆಗುತ್ತಿರಲಿಲ್ಲ.

ಹಾಗಂತ ಎರಡನ್ನೂ ಹೊಲಿದುಬಿಡಬೇಡಿ. ಹಾಡಿನಲ್ಲಿ ತಾಬೋರ್ ಬೆಟ್ಟದ ಹೆಸರೇ ಇಲ್ಲ. ಅಲ್ಲಿ ಕಾನಾನಿನ ಅರಸರು, ಒಬ್ಬನಲ್ಲ ಹಲವರು, ಕಾದಾಡಿದ್ದು ‘ತಾನಾಕದಲ್ಲಿ, ಮೆಗಿದ್ದೋವಿನ ನೀರುಗಳ ಬಳಿ’. ತಾನಾಕಕ್ಕೂ ತಾಬೋರಿಗೂ ಸುಮಾರು 25 ಕಿಲೋಮೀಟರ್ ದೂರ. ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿದಿರಬಹುದು ಅಂತ ಕೆಲವರು ಹೊಂದಿಸುತ್ತಾರೆ. ಹೊಂದಿಸಬಹುದು. ಆದರೆ ಹೊಂದಿಸುತ್ತಿರುವವರು ನಾವು, ಪುಸ್ತಕ ಅಲ್ಲ.

ಯಾಬೀನನ ತೊಡಕು ಇನ್ನೂ ದೊಡ್ಡದು. ಬೈಬಲಿನಲ್ಲಿ ಇದಕ್ಕೆ ಮುಂಚೆ ಬರುವ ಯೆಹೋಶುವನ ಪುಸ್ತಕದ 11ನೇ ಅಧ್ಯಾಯದಲ್ಲೇ ಹಾಚೋರಿನ ಅರಸ ಯಾಬೀನ ಸತ್ತಿದ್ದಾನೆ, ಪಟ್ಟಣ ಸುಟ್ಟುಹೋಗಿದೆ. ಇಲ್ಲಿ ಮತ್ತೆ ಅದೇ ಹೆಸರು, ಅದೇ ಪಟ್ಟಣ. ಪುರಾತತ್ವಜ್ಞರಾದ ಯಿಗಾಯೆಲ್ ಯಾದೀನ್ 1955ರಿಂದ, ಆಮೇಲೆ ಅಮ್ನೋನ್ ಬೆನ್ ತೋರ್ 1990ರಿಂದ ಹಾಚೋರಿನಲ್ಲಿ ಅಗೆಸಿದರು. ಕ್ರಿ.ಪೂ. 13ನೇ ಶತಮಾನದಲ್ಲಿ ಆ ಮಹಾ ಪಟ್ಟಣ ಭಯಂಕರ ಬೆಂಕಿಯಲ್ಲಿ ನಾಶವಾದದ್ದು ಸ್ಪಷ್ಟವಾಗಿ ಸಿಕ್ಕಿದೆ, ಯಾರು ಸುಟ್ಟರು ಅನ್ನುವುದು ಇವತ್ತಿಗೂ ಚರ್ಚೆ. ಹಾಡಿನಲ್ಲಿ ಯಾಬೀನನೂ ಇಲ್ಲ, ಹಾಚೋರೂ ಇಲ್ಲ. ಗದ್ಯದಲ್ಲೂ ಯಾಬೀನ ಒಂದು ಮಾತಾಡುವುದಿಲ್ಲ, ಒಂದು ಹೆಜ್ಜೆ ಇಡುವುದಿಲ್ಲ. ಸೀಸೆರನ ಕಥೆಗೆ ಹಾಚೋರಿನ ಹಳೆಯ ನೆನಪು ಆಮೇಲೆ ಬಂದು ಅಂಟಿಕೊಂಡಿದೆ ಅನ್ನುವ ಕಡೆ ನಾನು ವಾಲುತ್ತೇನೆ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಹಾಡಿನ ನಡುವೆ ಇಸ್ರಾಯೇಲಿನ ಕುಲಗಳ ಒಂದು ಹಾಜರಿ ಪಟ್ಟಿ ಇದೆ. ನಿಜವಾಗಲೂ ಹಾಜರಿ ಪಟ್ಟಿ. ಎಫ್ರಾಯೀಮ್ ಬಂತು, ಬೆನ್ಯಾಮೀನ್ ಬಂತು, ಮಾಕೀರ್ ಬಂತು, ಜೆಬುಲೂನ್, ಇಸ್ಸಾಕಾರ್, ನಫ್ತಾಲಿ ಬಂದವು. ಆಮೇಲೆ ಬರದವರ ಹೆಸರು. ರೂಬೇನಿನ ಹಳ್ಳಗಳ ಬಳಿ ಮನಸ್ಸಿನ ಆಲೋಚನೆ ಬಹಳ ನಡೆಯಿತಂತೆ. ಯಾಕೆ ಕುರಿಹಟ್ಟಿಗಳ ನಡುವೆ ಕೂತೆ, ಮಂದೆ ಕರೆಯುವ ಕೊಳಲಿನ ಸದ್ದು ಕೇಳುವುದಕ್ಕಾ? ಗಿಲ್ಯಾದ್ ಯೊರ್ದನಿನ ಆಚೆಯೇ ಉಳಿಯಿತು. ದಾನ್ ಹಡಗುಗಳ ಬಳಿ ಯಾಕೆ ನಿಂತಿತು? ಆಶೇರ್ ಕಡಲ ದಂಡೆಯಲ್ಲಿ ಸುಮ್ಮನೆ ಕೂತಿತು. ಕೊನೆಗೆ ಮೇರೋಜ್ ಅನ್ನುವ ಒಂದು ಊರಿಗೆ ಶಾಪ, ಸಹಾಯಕ್ಕೆ ಬರಲಿಲ್ಲ ಅಂತ. ಆ ಊರು ಬೈಬಲಿನಲ್ಲಿ ಇನ್ನೆಲ್ಲೂ ಬರುವುದಿಲ್ಲ. ಮೂರು ಸಾವಿರ ವರ್ಷದಿಂದ ಆ ಹೆಸರು ಉಳಿದಿರುವುದು ಬರಲಿಲ್ಲ ಅನ್ನುವ ಒಂದೇ ಕಾರಣಕ್ಕೆ.

ಹಳ್ಳಿಯಲ್ಲಿ ಮದುವೆಗೋ ಸಾವಿಗೋ ಯಾರು ಬಂದರು, ಯಾರು ಬರಲಿಲ್ಲ ಅಂತ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರಲ್ಲ, ಇದೂ ಹಾಗೇ. ಸೈನ್ಯ ಇಲ್ಲದ ಜನಕ್ಕೆ ಕರೆದಾಗ ಬರುವ ನೆಂಟರೇ ಸೈನ್ಯ. ಕರೆದವಳಿಗೆ ಅಧಿಕಾರವೂ ಇಲ್ಲ, ಬರದವರಿಗೆ ದಂಡ ಹಾಕಲು ಆಗುವುದಿಲ್ಲ. ಇರುವ ಶಿಕ್ಷೆ ಒಂದೇ, ಹಾಡಿನಲ್ಲಿ ಹೆಸರು ಸೇರಿಸುವುದು. ಗದ್ಯದಲ್ಲಿ ಬಂದದ್ದು ಎರಡೇ ಕುಲ, ಜೆಬುಲೂನ್ ಮತ್ತು ನಫ್ತಾಲಿ. ಹಾಡಿನಲ್ಲಿ ಆರು, ಆದರೆ ಅಲ್ಲೂ ಪಟ್ಟಿಯ ಕೊನೆಗೆ ಪ್ರಾಣದ ಹಂಗು ತೊರೆದವರು ಅಂತ ಹೊಗಳಿಸಿಕೊಳ್ಳುವುದು ಇದೇ ಇಬ್ಬರು. ಹೀಗೆ ಎರಡು ನೆನಪುಗಳೂ ಒಂದು ಜಾಗದಲ್ಲಿ ಕೂಡಿಕೊಳ್ಳುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ಯೆಹೂದ ಎಲ್ಲಿ? ಮುಂದೆ ಅರಸನಾದ ದಾವೀದ ಹುಟ್ಟಿದ ಕುಲ, ಜೆರೂಸಲೇಮಿನ ಕುಲ. ಬಂದವರ ಪಟ್ಟಿಯಲ್ಲೂ ಇಲ್ಲ, ಬೈಸಿಕೊಂಡವರ ಪಟ್ಟಿಯಲ್ಲೂ ಇಲ್ಲ. ಸಿಮೆಯೋನನೂ ಇಲ್ಲ. ಅವರನ್ನು ಕರೆದೇ ಇರಲಿಲ್ಲ, ಆಗಿನ್ನೂ ಅವರು ಈ ಬಳಗದೊಳಗೆ ಇರಲಿಲ್ಲ ಅನ್ನುವುದು ಒಂದು ಓದು. ಹನ್ನೆರಡು ಕುಲ ಅನ್ನುವ ಲೆಕ್ಕ ಗಟ್ಟಿಯಾಗುವ ಮುಂಚಿನ ಹಾಡು ಇದು, ಹೀಬ್ರೂ ಬೈಬಲಿನ ಅತಿ ಹಳೆಯ ಪದ್ಯಗಳಲ್ಲಿ ಒಂದು ಅಂತ ಬಹಳಷ್ಟು ವಿದ್ವಾಂಸರು ಹೇಳುವುದಕ್ಕೆ ಇದೂ ಒಂದು ಕಾರಣ. ಅಷ್ಟು ಹಳೆಯದಲ್ಲ ಅನ್ನುವವರೂ ಇದ್ದಾರೆ. ಹೊರಗಿನ ಸಾಕ್ಷಿ ಅಂದರೆ ಈಜಿಪ್ಟಿನ ಮೆರ್ನೆಪ್ತಾ ಅರಸನ ಶಾಸನ, ಸುಮಾರು ಕ್ರಿ.ಪೂ. 1208ರದ್ದು, 1896ರಲ್ಲಿ ಫ್ಲಿಂಡರ್ಸ್ ಪೆಟ್ರಿಗೆ ಸಿಕ್ಕಿದ್ದು. ಅದರಲ್ಲಿ ಬೇರೆ ಊರುಗಳ ಹೆಸರಿಗೆ ನಾಡು ಅನ್ನುವ ಗುರುತು ಹಾಕಿ, ಇಸ್ರಾಯೇಲ್ ಅನ್ನುವ ಹೆಸರಿಗೆ ಮಾತ್ರ ಜನ ಅನ್ನುವ ಗುರುತು ಹಾಕಿದ್ದಾರೆ. ಗಡಿ ಇಲ್ಲದ ಒಂದು ಜನ. ಈ ಹಾಡಿನಲ್ಲಿ ಕಾಣುವುದೂ ಅವರೇ.

ಇನ್ನು ಆ ಗುಡಾರ. ಓಡಿಬಂದ ಸೀಸೆರ, ಇಸ್ರಾಯೇಲರ ಬಳಗಕ್ಕೆ ಹೊರಗಿನವರಾದ ಕೇನ್ಯರ ಪೈಕಿ ಹೆಬೆರ ಅನ್ನುವವನ ಹೆಂಡತಿ ಯಾಯೇಲಳ ಗುಡಾರಕ್ಕೆ ಬರುತ್ತಾನೆ. ಹೆಬೆರನಿಗೂ ಯಾಬೀನನಿಗೂ ಸ್ನೇಹ ಇತ್ತು. ಬಾ ಸ್ವಾಮೀ, ಹೆದರಬೇಡ ಅಂತ ಅವಳೇ ಕರೆಯುತ್ತಾಳೆ, ಕಂಬಳಿ ಹೊದಿಸುತ್ತಾಳೆ. ನೀರು ಕೇಳಿದರೆ ಬುದ್ದಲಿ ಬಿಚ್ಚಿ ಹಾಲು ಕೊಡುತ್ತಾಳೆ. ಬಾಗಿಲಲ್ಲಿ ನಿಂತಿರು, ಯಾರಾದರೂ ಇಲ್ಲಿ ಗಂಡಸು ಇದ್ದಾನಾ ಅಂತ ಕೇಳಿದರೆ ಇಲ್ಲ ಅನ್ನು ಅಂತ ಹೇಳಿ ಮಲಗುತ್ತಾನೆ. ಅವಳು ಗುಡಾರದ ಗೂಟ ಮತ್ತು ಕೊಡತಿ ತೆಗೆದುಕೊಂಡು ಮೆಲ್ಲಗೆ ಹೋಗಿ ಅವನ ಕಣತಲೆಯಲ್ಲಿ ಗೂಟ ಹೊಡೆಯುತ್ತಾಳೆ, ಅದು ನೆಲಕ್ಕೆ ಇಳಿಯುತ್ತದೆ. ಬೆದೂಯಿನರಂಥ ಅಲೆಮಾರಿಗಳಲ್ಲಿ ಗುಡಾರ ಹೂಡುವುದು ಹೆಂಗಸರ ಕೆಲಸ. ಗೂಟ, ಕೊಡತಿ ದಿನಾ ಹಿಡಿದ ಕೈ ಅದು.

ಹಾಡಿನಲ್ಲಿ ನಿದ್ದೆಯೇ ಇಲ್ಲ. ಕಂಬಳಿ ಇಲ್ಲ, ಬಾಗಿಲ ಮಾತುಕತೆ ಇಲ್ಲ. ನೀರು ಕೇಳಿದ, ಹಾಲು ಕೊಟ್ಟಳು, ಘನವಾದ ಬಟ್ಟಲಲ್ಲಿ ಕೆನೆಮೊಸರು ತಂದಳು. ಒಂದು ಕೈ ಗೂಟಕ್ಕೆ, ಬಲಗೈ ಕೊಡತಿಗೆ. ಹೊಡೆದಳು. ಆಮೇಲೆ ಅವನು ಅವಳ ಕಾಲುಗಳ ನಡುವೆ ಕುಸಿದ, ಬಿದ್ದ, ಮಲಗಿದ, ಕುಸಿದ, ಬಿದ್ದ, ಕುಸಿದಲ್ಲೇ ಬಿದ್ದ. ಮೂಲದಲ್ಲಿ ಏಳು ಕ್ರಿಯಾಪದ ಒಂದರ ಹಿಂದೆ ಒಂದು. ಮಲಗಿರುವವನು ಬೀಳುವುದು ಹೇಗೆ? ಹಾಡಿನ ಸೀಸೆರ ನಿಂತಿದ್ದಾನೆ, ಅಥವಾ ಕೂತು ಕುಡಿಯುತ್ತಿದ್ದಾನೆ. ಹೀಬ್ರೂ ಪದ್ಯದಲ್ಲಿ ಒಂದೇ ಸಂಗತಿಯನ್ನು ಎರಡು ಸಾಲಲ್ಲಿ ಬೇರೆ ಪದ ಹಾಕಿ ಹೇಳುವುದು ಪದ್ಧತಿ. ಹಾಗಾಗಿ ‘ಕೈ ಗೂಟಕ್ಕೆ, ಬಲಗೈ ಕೊಡತಿಗೆ’ ಅನ್ನುವುದು ಒಂದೇ ಏಟಿನ ಎರಡು ಸಾಲು ಇರಬಹುದು. ಅದನ್ನು ಎರಡು ಉಪಕರಣ ಅಂತ ಓದಿಕೊಂಡ ಗದ್ಯದವನು, ಎರಡು ಕೈಯಲ್ಲೂ ಸಾಮಾನು ಹಿಡಿದು ಹೊಡೆಯಬೇಕಾದರೆ ಅವನು ಮಲಗಿರಲೇಬೇಕು ಅಂತ ನಿದ್ದೆ ತಂದಿರಬಹುದು ಅಂತ ಕೆಲವು ವಿದ್ವಾಂಸರ ವಾದ. ನನಗೆ ಇದು ಸರಿ ಅನ್ನಿಸುತ್ತದೆ.

ಇಲ್ಲಿಗೆ ಬಂದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು. “ಮೇಷ್ಟ್ರೇ, ನೀರು ಕೇಳಿ ಬಂದೋರಿಗೆ ಹಾಲು ಕೊಟ್ಟು ಕೊಲ್ಲೋದು ಸರೀನಾ?”

“ಇಲ್ಲಮ್ಮ, ಆ ಕಾಲದವರಿಗೂ ಅದು ಸುಲಭದ ಮಾತಾಗಿರಲಿಲ್ಲ” ಅಂದೆ. ಗದ್ಯ ಅವಳನ್ನು ಹೊಗಳುವುದೇ ಇಲ್ಲ. ಅವಳು ಯಾಕೆ ಹಾಗೆ ಮಾಡಿದಳು ಅಂತಲೂ ಹೇಳುವುದಿಲ್ಲ. ಸ್ನೇಹ ಇತ್ತು ಅಂತ ನೆನಪಿಸಿ, ಹೆದರಬೇಡ ಅಂದಳು ಅಂತ ಬರೆದು, ನಮ್ಮ ಮನಸ್ಸಿಗೆ ಚುಚ್ಚಿ ಬಿಡುತ್ತದೆ. ಹಾಡು ಮಾತ್ರ ಬಾಯಿ ತುಂಬ ಹರಸುತ್ತದೆ, ಗುಡಾರದ ಹೆಂಗಸರಲ್ಲಿ ಯಾಯೇಲಳಿಗೆ ಆಶೀರ್ವಾದ ಅಂತ. ಬರದೇ ಹೋದ ಮೇರೋಜಿಗೆ ಶಾಪ ಹಾಕಿದ ಮುಂದಿನ ಸಾಲೇ ಇದು. ಸ್ವಂತ ಬಳಗದ ಊರು ಬರಲಿಲ್ಲ, ಹೊರಗಿನ ಕೇನ್ಯ ಹೆಂಗಸು ಬಂದಳು. ಹಾಡಿಗೆ ಬೇಕಾದ ಲೆಕ್ಕ ಅಷ್ಟೇ. ಆ ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, “ಆದರೂ ಹಾಲು ಕೊಟ್ಟಳಲ್ಲ” ಅಂದರು. ಆ ಮಾತು ನನಗೆ ಇನ್ನೂ ಬಿಟ್ಟಿಲ್ಲ.

ಕೊನೆಯದಾಗಿ ಒಂದು ಕಿಟಕಿ. ಗದ್ಯದಲ್ಲಿ ಇದರ ಸುಳಿವೂ ಇಲ್ಲ. ಸೀಸೆರ ಕುಸಿದು ಬಿದ್ದ ಮರುಸಾಲಿನಲ್ಲೇ ಹಾಡು ಅವನ ತಾಯಿಯ ಮನೆಗೆ ಹೋಗುತ್ತದೆ. ಅವಳು ಕಿಟಕಿಯ ಜಾಲರಿಯಿಂದ ಇಣುಕಿ ನೋಡುತ್ತಿದ್ದಾಳೆ. ಅವನ ರಥ ಬರುವುದು ಯಾಕೆ ತಡವಾಯಿತು? ಅವನ ರಥಗಳ ಹೆಜ್ಜೆಸದ್ದು ಯಾಕೆ ಇನ್ನೂ ಇಲ್ಲ? ಸುತ್ತ ಇರುವ ಜಾಣ ಹೆಂಗಸರು ಸಮಾಧಾನ ಹೇಳುತ್ತಾರೆ, ಅವಳೂ ತನಗೆ ತಾನೇ ಅದನ್ನೇ ಹೇಳಿಕೊಳ್ಳುತ್ತಾಳೆ: ಕೊಳ್ಳೆ ಹಂಚಿಕೊಳ್ಳುತ್ತಿರಬೇಕು. ಒಬ್ಬೊಬ್ಬನಿಗೆ ಒಂದೊಂದು ಹುಡುಗಿ, ಎರಡೆರಡು ಹುಡುಗಿ. ಸೀಸೆರನಿಗೆ ಬಣ್ಣದ ಬಟ್ಟೆ, ಕಸೂತಿಯ ಬಟ್ಟೆ.

‘ಹುಡುಗಿ’ ಅಂತ ಅನುವಾದ ಆಗುವ ಜಾಗದಲ್ಲಿ ಮೂಲದಲ್ಲಿರುವ ಪದ ‘ರಹಮ್’. ಅಂದರೆ ಗರ್ಭ. ಒಬ್ಬನಿಗೆ ಒಂದು ಗರ್ಭ, ಎರಡು ಗರ್ಭ. ಒಬ್ಬ ತಾಯಿಯ ಬಾಯಲ್ಲಿ ಈ ಮಾತು. ಹೀಬ್ರೂವಿನಲ್ಲಿ ಕರುಣೆಗೆ ಇರುವ ‘ರಹಮೀಮ್’ ಅನ್ನುವ ಪದವೂ ಇದೇ ಧಾತುವಿನದು. ಅರಬ್ಬಿಯ ರಹೀಮ್, ರಹಮಾನ್ ಕೂಡ ಇದೇ ಧಾತುವಿನಿಂದ ಬಂದದ್ದು. ಹಾಡಿನ ಮೊದಲಲ್ಲಿ ದೆಬೋರಳನ್ನು ‘ಇಸ್ರಾಯೇಲಿನ ತಾಯಿ’ ಅಂದಿದ್ದಾರೆ, ಕೊನೆಗೆ ಈ ತಾಯಿ. ಗೆದ್ದವರು ಸೋತವರನ್ನು ಅಣಕಿಸಲು ಕಟ್ಟಿದ ಸಾಲುಗಳು ಇವು, ಅದರಲ್ಲಿ ನನಗೆ ಅನುಮಾನವಿಲ್ಲ. ಯುದ್ಧ ಸೋತಿದ್ದರೆ ತಮ್ಮ ಹೆಣ್ಣುಮಕ್ಕಳಿಗೆ ಏನಾಗುತ್ತಿತ್ತು ಅಂತ ಗೊತ್ತಿದ್ದವರ ಅಣಕ ಇದು, ಅದಕ್ಕೇ ಇಷ್ಟು ಖಾರ. ಆದರೂ ಅಣಕಿಸಲು ಆ ತಾಯಿಯ ಪಕ್ಕ ಹೋಗಿ ನಿಂತು ಕಿವಿಗೊಡಬೇಕಾಯಿತಲ್ಲ.

ಇದಕ್ಕೆ ಸ್ವಲ್ಪ ಮುಂಚೆ, ಕೀಷೋನ್ ಉಕ್ಕುವ ಜಾಗದಲ್ಲಿ, ಕುದುರೆಗಳ ಗೊರಸಿನ ಸದ್ದನ್ನು ಹಾಡು ಹೀಗೆ ಹಿಡಿಯುತ್ತದೆ: ದಹರೋತ್, ದಹರೋತ್. ಅರ್ಥ ಗೊತ್ತಿಲ್ಲದಿದ್ದರೂ ಕೇಳಿದರೆ ಸಾಕು, ದೌಡು ತಿಳಿಯುತ್ತದೆ. ಮನೆಗೆ ಹೋಗಿ ಐದನೇ ಅಧ್ಯಾಯವನ್ನು ಜೋರಾಗಿ ಓದಿ. 22ನೇ ವಚನದಲ್ಲಿ ಆ ಗೊರಸುಗಳ ಸದ್ದು ನಿಮಗೆ ಕೇಳಿರುತ್ತದೆ. 28ನೇ ವಚನದಲ್ಲಿ ಆ ತಾಯಿ ಕಿಟಕಿಯ ಹತ್ತಿರ ಇನ್ನೂ ಕೇಳಿಸಿಕೊಳ್ಳಲು ನಿಂತಿರುವುದು ಅದೇ ಸದ್ದಿಗೆ.